ಆ ಗುಳಿಗೆ ನಾಯಿಯದಲ್ಲ

ವಲಾಂಡಿಯ ಅಣ್ಣಂದಿರೇ, ಅಕ್ಕಂದಿರೇ, ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ನನ್ನ ಜನರೇ, ಒಂದು ಮಾತು ಕೇಳಿ.

ನಮ್ಮ ದೇವಣಿ ಎತ್ತು ಒಂದು ಹೆಜ್ಜೆ ಕುಂಟಿದರೆ ಆ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಬೆಳಕು ಹರಿಯುವ ಮೊದಲೇ ದನದ ದವಾಖಾನೆಯ ಬಾಗಿಲಲ್ಲಿ ನಿಂತಿರುತ್ತೇವೆ. ಅದೇ ಹೊಲ ಕಾಯುವ ನಾಯಿ ಕುಂಟಿದರೆ? ಅಜ್ಜನ ಮೊಣಕಾಲಿಗೆಂದು ತಂದ ಗುಳಿಗೆಯನ್ನು ರೊಟ್ಟಿಯಲ್ಲಿ ಸುತ್ತಿ ಹಾಕುತ್ತೇವೆ. ಹಾಕುವ ಕೈಯಲ್ಲಿ ಪ್ರೀತಿಯೇ ಇರುತ್ತದೆ, ನನಗೆ ಗೊತ್ತು. ನಾಯಿಯೂ ಆ ಕೈಯನ್ನು ನಂಬಿಯೇ ನುಂಗುತ್ತದೆ.

ಈ ನೋವಿನ ಮದ್ದು ಮಾಡುವ ಕೆಲಸವನ್ನು ತಿಳಿದುಕೊಳ್ಳಿ. ದೇಹದಲ್ಲಿ ಪ್ರೋಸ್ಟಾಗ್ಲಾಂಡಿನ್ ಎಂಬ ದ್ರವ್ಯ ಹುಟ್ಟದಂತೆ ಅದು ತಡೆಯುತ್ತದೆ. ಬಾವು, ನೋವು ಎಬ್ಬಿಸುವುದು ಅದೇ ದ್ರವ್ಯ. ಆದರೆ ಹೊಟ್ಟೆಯ ಒಳಪೊರೆಯನ್ನು ಆಮ್ಲದಿಂದ ಕಾಯುವುದೂ, ಮೈಯಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ರಕ್ತ ತಪ್ಪದಂತೆ ನೋಡುವುದೂ ಅದೇ. ನಮ್ಮ ಏಪ್ರಿಲ್–ಮೇ ಬಿಸಿಲು ನೆನೆಸಿಕೊಳ್ಳಿ. ಬಾವಿ ಬತ್ತಿದ ಹೊಲದಲ್ಲಿ ದಿನವಿಡೀ ಏದುಸಿರು ಬಿಟ್ಟ ನಾಯಿಗೆ ಈ ಗುಳಿಗೆ ಕೊಟ್ಟರೆ, ಉಳಿದಿದ್ದ ಒಂದು ಕಾವಲನ್ನೂ ನಾವೇ ಕಿತ್ತುಹಾಕಿದಂತೆ.

ಐಬುಪ್ರೊಫೆನ್, ಡೈಕ್ಲೊಫೆನಾಕ್, ನೆಪ್ರಾಕ್ಸೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಮೆಲಾಕ್ಸಿಕಾಮ್ ನಾಯಿಗೂ ಕೊಡುವ ಮದ್ದು, ನಿಜ. ಆದರೆ ಅದರ ರೂಢಿಯ ಅಳತೆ ಮೊದಲ ದಿನ ಕಿಲೋಗೆ 0.2 ಮಿಲಿಗ್ರಾಂ, ಮರುದಿನದಿಂದ 0.1. 20 ಕಿಲೋ ನಾಯಿಗೆ ಮೊದಲ ದಿನ 4 ಮಿಲಿಗ್ರಾಂ, ಆಮೇಲೆ 2. ಮನುಷ್ಯರ ಒಂದು ಗುಳಿಗೆಯಲ್ಲಿ 7.5 ಇಲ್ಲವೇ 15 ಇರುತ್ತದೆ. ಲೆಕ್ಕ ನೀವೇ ಹಾಕಿ.

ಮನುಷ್ಯರ ಮದ್ದನ್ನು ಪ್ರಾಣಿಗೆ ತಿರುಗಿಸಿದ್ದರ ಫಲವನ್ನು ಈ ದೇಶ ಒಮ್ಮೆ ಉಂಡಿದೆ. ಡೈಕ್ಲೊಫೆನಾಕ್ ಚುಚ್ಚಿಸಿಕೊಂಡ ದನದ ಹೆಣ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. ಬಿಳಿ ಬೆನ್ನಿನ ರಣಹದ್ದು ನೂರಕ್ಕೆ ತೊಂಬತ್ತೊಂಬತ್ತಕ್ಕಿಂತ ಹೆಚ್ಚು ಅಳಿದುಹೋಯಿತು. 2006ರಲ್ಲಿ ಸರ್ಕಾರ ಪಶುಗಳಿಗೆಂದು ಡೈಕ್ಲೊಫೆನಾಕ್ ತಯಾರಿಸುವುದನ್ನು ನಿಲ್ಲಿಸಿತು. ಆಮೇಲೂ ಮನುಷ್ಯರ ದೊಡ್ಡ ಶೀಶೆಗಳು ಕೊಟ್ಟಿಗೆ ಸೇರುತ್ತಲೇ ಇದ್ದವು. 2015ರಲ್ಲಿ ಶೀಶೆಯನ್ನೇ 3 ಮಿಲಿಗೆ ಇಳಿಸಬೇಕಾಯಿತು. ಕಾನೂನು ಶೀಶೆ ಕಿರಿದು ಮಾಡಬಲ್ಲದು, ನಮ್ಮ ಮನೆಯ ಗೂಡಿನಲ್ಲಿರುವ ಗುಳಿಗೆಗೆ ಕಾವಲು ನಿಲ್ಲುವವರು ನಾವಲ್ಲದೆ ಇನ್ನಾರು?

ಔಷಧಿ ಅಂಗಡಿಯವರೇ, ನಿಮ್ಮನ್ನು ಕೈಮುಗಿದು ಕೇಳುತ್ತೇನೆ. ‘ನಾಯಿಗೆ ನೋವಿದೆ, ಏನಾದರೂ ಕೊಡಿ’ ಎಂದವರಿಗೆ ಕೊಡಬೇಡಿ. ದವಾಖಾನೆಗೆ ಕಳುಹಿಸಿ. ಹತ್ತು ರೂಪಾಯಿ ವ್ಯಾಪಾರ ಹೋದರೆ ಹೋಗಲಿ.

ನಾಯಿ ನೋವು ತಿನ್ನುತ್ತ ಬಿದ್ದಿರಲಿ ಎಂದು ನಾನು ಹೇಳುತ್ತಿಲ್ಲ, ಅದೂ ಪಾಪವೇ. ಸರಿಯಾದ ಮದ್ದು ಸರಿಯಾದ ಅಳತೆಯಲ್ಲಿ ಸಿಕ್ಕಿದರೆ, ಎದ್ದು ನಿಲ್ಲಲಾರದ ಮುದಿ ನಾಯಿ ಮತ್ತೆ ಬಾಗಿಲ ತನಕ ನಡೆದುಬರುತ್ತದೆ. ಆ ಮದ್ದನ್ನು ಊಟದ ಜೊತೆ ಕೊಡಿ, ಕುಡಿಯಲು ನೀರಿಡಿ. ಬೇರೆ ನೋವಿನ ಮದ್ದಾಗಲಿ, ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಆಗಲಿ ಅದರೊಡನೆ ಸೇರಬಾರದು. ಮೊನ್ನೆ ಯಾರಾದರೂ ಸೂಜಿ ಹಾಕಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿ. ವಾಂತಿ, ಡಾಂಬರಿನಂಥ ಕಪ್ಪು ಮಲ, ಅನ್ನ ಬಿಡುವುದು, ವಿಪರೀತ ನೀರಡಿಕೆ, ಹಳದಿಯಾದ ವಸಡು, ಇವುಗಳಲ್ಲಿ ಒಂದು ಕಂಡರೂ ಮುಂದಿನ ಗುಳಿಗೆ ಕೊಡದೆ ಆಗಲೇ ದವಾಖಾನೆಗೆ ಹೊರಡಿ. ಬಹುಕಾಲ ಕೊಡಬೇಕಾದರೆ ಮೊದಲು ರಕ್ತಪರೀಕ್ಷೆ ಮಾಡಿಸಿ.

ದೂರವೆನ್ನಬೇಡಿ. ಉದಗೀರದಲ್ಲಿ ಪಶುವೈದ್ಯ ಕಾಲೇಜಿದೆ, ಬೀದರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯವೇ ಇದೆ. 1956ರ ತನಕ ಉದಗೀರ, ನಿಲಂಗಾ ಬೀದರ ಜಿಲ್ಲೆಯವೇ ಆಗಿದ್ದವು. ರಾಜ್ಯದ ಗಡಿಯ ಎರಡೂ ಕಡೆಯ ಬಾಗಿಲು ನಮ್ಮವೇ. ಖಾನಾಪುರದ ಮೈಲಾರ ಮಲ್ಲಣ್ಣನಿಗೆ ಭಂಡಾರ ಹಾರಿಸುವ ಜನ ನಾವು, ಆ ದೇವರ ಜೊತೆಗಿರುವ ನಾಯಿಗೂ ಕೈಮುಗಿಯುವವರು.

ಹೊರಡುವ ಮೊದಲು ತೊಗರಿ ಚೀಲ ತೂಗುವ ಕಾಟಾದ ಮೇಲೆ ನಾಯಿಯನ್ನು ಎತ್ತಿಕೊಂಡು ನಿಲ್ಲಿ. ನಿಮ್ಮ ತೂಕ ಕಳೆದು, ಉಳಿದ ಕಿಲೋ ಎಷ್ಟೆಂದು ಚೀಟಿಯಲ್ಲಿ ಬರೆದುಕೊಳ್ಳಿ. ವೈದ್ಯರ ಮೊದಲ ಪ್ರಶ್ನೆ ಅದೇ ಆಗಿರುತ್ತದೆ.