ಭಾಗ 4: ಬ್ಯಾಂಡಿನವರ ಹೆಸರೇನು?

ದೋಸ್ತರ, ನಮ್ಮ ದಢೇಸುಗೂರಾಗ ಮದುವಿ ಮೆರವಣಿಗಿ ಬಂದ್ರ ಬ್ಯಾಂಡಿಗೆ ಕುಣಿತೀವಿ. ಊದೋರ ಹೆಸರು ಮಾತ್ರ ಯಾರೂ ಕೇಳಂಗಿಲ್ಲ.

ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನಿಗೆ ಮನಸೋತದ್ದೂ ಬ್ಯಾಂಡ್ ಕೇಳೇ, ಮೈಸೂರು ಅರಮನೆಯ ಬ್ಯಾಂಡ್. ಬಂಟ್ವಾಳ ಕಡೆಯ ನಾಗಸ್ವರದ ಮನಿ ಮಗ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಮಾಡಿದ ವಾದ್ಯದಾಗ ನಮ್ಮ ಗಮಕ ಹೊಂಡಿಸೋದು ಹುಡುಗಾಟ ಅಲ್ಲ. ಅದನ್ನ ಒಲಿಸ್ಕೊಳ್ಳಾಕ ಅವರಿಗೆ ಸುಮಾರು 20 ವರ್ಷ ಹಿಡೀತು. 1994ರಾಗ ಲಂಡನ್ನಿನ ಬಿಬಿಸಿ ಪ್ರಾಮ್ಸ್, 2004ರಾಗ ಪದ್ಮಶ್ರೀ. 2019ರಾಗ ತೀರಿಕೊಂಡ್ರು.

ಸಂಗೀತಕ್ಕ ಜಾತಿ ಇಲ್ಲ, ಗಡಿ ಇಲ್ಲ ಅಂತ ಸ್ಟೇಟಸ್ ಹಾಕೋದು ಸುಲಭ. ವೇದಿಕಿ ಏರಿದ ಮ್ಯಾಲ ಚಪ್ಪಾಳಿ ಹೊಡಿಯೋದೂ ಸುಲಭ. ಮುಂದಿನ ಮದುವ್ಯಾಗ ಬ್ಯಾಂಡಿನವರನ್ನ ಮೊದಲ ಪಂಕ್ತಿಗೆ ಊಟಕ್ಕ ಕರಿಯೋಣ. ಬಾಜೂಕ ಕುಂತು ಹೆಸರು ಕೇಳೋಣ.