ಗುಟ್ಟು ಮಾರಿದ ಊಟದ ಮನೆ

ಹೆಸರಾಂತ ಊಟದ ಮನೆಗಳು ತಮ್ಮ ರುಚಿಯ ಗುಟ್ಟನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಬಾಗಿಲು ಮುಚ್ಚಿಕೊಂಡು ಮಸಾಲೆ ಕುಟ್ಟಿಸುವ ಯಜಮಾನರ ಕಥೆಗಳು ಎಲ್ಲ ಊರುಗಳಲ್ಲಿಯೂ ಉಂಟು. ಉಂಡವನು ಮತ್ತೆ ಬರಬೇಕಾದರೆ ಆ ರುಚಿ ಅವನ ಮನೆಯಲ್ಲಿ ಕೈಗೂಡಬಾರದು. ವ್ಯಾಪಾರದ ಲೆಕ್ಕವೇ ಹಾಗೆ. ಈ ಲೆಕ್ಕವನ್ನು ತಿರುಗಿಸಿ ಹಾಕಿ, ಬಡಿಸಿದ ಊಟದ ಸಾಮಗ್ರಿಯನ್ನೆಲ್ಲ ಬಾಗಿಲ ಬಳಿಯೇ ಮಾರಾಟಕ್ಕಿಟ್ಟು, ಮನೆಯಲ್ಲಿ ನೀವೂ ಮಾಡಿಕೊಳ್ಳಿ ಎಂದ ಒಂದು ಇಟಾಲಿಯನ್ ಊಟದ ಮನೆ ಲಂಡನ್ನಿನಲ್ಲಿ ಹುಟ್ಟಿ ಬ್ರಿಟನ್ನಿನ ಊರೂರಿಗೆ ಹಬ್ಬಿತು. ಅದೇ ಕಾರ್ಲುಚ್ಚೋಸ್.

ಇಟಲಿಯವರಿಗೆ ಇಂಥ ಅಂಗಡಿ ಹೊಸದೇನಲ್ಲ. ಉಪ್ಪು ಹಚ್ಚಿ ಒಣಗಿಸಿದ ಮಾಂಸ, ಬಗೆಬಗೆಯ ಚೀಸು, ಆಲಿವ್ ಎಣ್ಣೆ, ಎಣ್ಣೆಯಲ್ಲಿ ನೆನೆದ ತರಕಾರಿ, ಆಗತಾನೆ ಮಾಡಿದ ತಿನಿಸು, ಇವೆಲ್ಲವನ್ನೂ ಒಂದೇ ಕಡೆ ಮಾರುವ ಅಂಗಡಿಗಳು ಅಲ್ಲಿ ಬೀದಿಗೊಂದರಂತೆ ಇರುತ್ತವೆ. ಇಂಗ್ಲಿಷರು ಅದನ್ನು ಡೆಲಿ ಎಂದು ಕರೆದರು. ವಲಸೆ ಬಂದ ಇಟಾಲಿಯನ್ನರು ಲಂಡನ್ನಿನ ಸೋಹೋ ಕೇರಿಯಲ್ಲಿ ಇಂಥ ಅಂಗಡಿಗಳನ್ನು ನಡೆಸುತ್ತಿದ್ದರು. ಆದರೆ ಅನ್ಯದೇಶದಲ್ಲಿ ಅಂಗಡಿ ಇಡುವವನ ಬಾಳು ಯಾವಾಗಲೂ ನೆಮ್ಮದಿಯದಲ್ಲ. 1940ರ ಜೂನ್ 10ರಂದು ಇಟಲಿ ಯುದ್ಧ ಸಾರಿದ ಸುದ್ದಿ ಹಬ್ಬಿದೊಡನೆ, ನಿನ್ನೆಯವರೆಗೂ ಗಿರಾಕಿಗಳಾಗಿದ್ದ ಜನರೇ ಇಟಾಲಿಯನ್ ಅಂಗಡಿಗಳ ಗಾಜುಗಳನ್ನು ಪುಡಿಮಾಡಿದರು. ಗಂಡಸರನ್ನು ಹಿಡಿದು ಸೆರೆಯಲ್ಲಿಟ್ಟರು. ಹಾಗೆ ಸೆರೆಯಾದವರನ್ನು ಕೆನಡಾಕ್ಕೆ ಸಾಗಿಸುತ್ತಿದ್ದ ಅರಂಡೋರಾ ಸ್ಟಾರ್ ಹಡಗನ್ನು ಜರ್ಮನ್ ಜಲಾಂತರ್ಗಾಮಿಯೊಂದು ಜುಲೈ 2ರಂದು ಮುಳುಗಿಸಿತು. ನಾನೂರಕ್ಕೂ ಹೆಚ್ಚು ಇಟಾಲಿಯನ್ನರು ಜಲಸಮಾಧಿಯಾದರು. ಅವರಲ್ಲಿ ಎಷ್ಟೋ ಮಂದಿ ಹೋಟೆಲಿನವರು, ಅಂಗಡಿಯವರು. ಇಷ್ಟಾದರೂ 1944ರಲ್ಲಿ, ಯುದ್ಧ ಇನ್ನೂ ಮುಗಿಯದಿರುವಾಗಲೇ, ಅದೇ ಸೋಹೋದಲ್ಲಿ ಲೀನಾ ಸ್ಟೋರ್ಸ್ ಎಂಬ ಡೆಲಿ ಬಾಗಿಲು ತೆರೆಯಿತು.

ಆ ಕಾಲದ ಇಂಗ್ಲಿಷರಿಗೆ ಇಟಲಿಯ ಆಹಾರದ ಪರಿಚಯ ಎಷ್ಟಿದ್ದಿತು? ಆಲಿವ್ ಎಣ್ಣೆ ದೊರೆಯುತ್ತಿದ್ದುದು ಹೆಚ್ಚಾಗಿ ಔಷಧದ ಅಂಗಡಿಯಲ್ಲಿ, ಸಣ್ಣ ಸೀಸೆಗಳಲ್ಲಿ, ಕಿವಿನೋವಿಗೆಂದು. 1954ರಲ್ಲಿ ಎಲಿಜಬೆತ್ ಡೇವಿಡ್ ಇಟಲಿಯ ಅಡುಗೆಯ ಮೇಲೆ ಪುಸ್ತಕ ಬರೆದಾಗ, ಅದರಲ್ಲಿ ಹೇಳಿದ ಪದಾರ್ಥಗಳಿಗಾಗಿ ಗೃಹಿಣಿಯರು ಸೋಹೋದ ಅಂಗಡಿಗಳನ್ನೇ ಹುಡುಕಿಕೊಂಡು ಹೋಗಬೇಕಾಗಿದ್ದಿತು. 1957ರ ಏಪ್ರಿಲ್ 1ರಂದು ಬಿ.ಬಿ.ಸಿ. ದೂರದರ್ಶನವು ಸ್ವಿಟ್ಜರ್ಲೆಂಡಿನ ರೈತರು ಮರದಿಂದ ಸ್ಪಾಗೆಟ್ಟಿಯ ಎಳೆಗಳನ್ನು ಕೊಯ್ಯುವ ಚಿತ್ರವನ್ನು ತೋರಿಸಿತು. ಅದು ಮೂರ್ಖರ ದಿನದ ತಮಾಷೆಯೆಂದು ಅರಿಯದೆ, ಆ ಮರವನ್ನು ಬೆಳೆಸುವ ಬಗೆ ಹೇಗೆಂದು ವಿಚಾರಿಸಿದವರೂ ಉಂಟು!

ಇಂಥ ನಾಡಿಗೆ 1975ರಲ್ಲಿ ದ್ರಾಕ್ಷಾರಸದ ವ್ಯಾಪಾರಿಯಾಗಿ ಬಂದವರು ಆಂಟೋನಿಯೊ ಕಾರ್ಲುಚ್ಚೋ. ಹುಟ್ಟಿದ್ದು 1937ರಲ್ಲಿ, ಇಟಲಿಯ ದಕ್ಷಿಣದ ವಿಯೆತ್ರಿ ಸುಲ್ ಮಾರೆ ಎಂಬ ಕಡಲತಡಿಯ ಊರಿನಲ್ಲಿ. ಬೆಳೆದದ್ದು ಉತ್ತರದ ಪಿಯೆಮೋಂತೆ ಸೀಮೆಯಲ್ಲಿ. ತಂದೆ ರೈಲ್ವೆ ಸ್ಟೇಷನ್ ಮಾಸ್ತರರು. ಕಾಡಿನಲ್ಲಿ ಅಣಬೆ ಹುಡುಕುವ ಹವ್ಯಾಸ ಬಾಲ್ಯದಲ್ಲಿಯೇ ಹತ್ತಿ, ಕಡೆಯವರೆಗೂ ಬಿಡಲಿಲ್ಲ. 1981ರಲ್ಲಿ ಅವರು ಲಂಡನ್ನಿನ ನೀಲ್ ಸ್ಟ್ರೀಟ್ ರೆಸ್ಟೋರೆಂಟಿನ ಮೇಲ್ವಿಚಾರಣೆ ವಹಿಸಿಕೊಂಡರು. 1991ರಲ್ಲಿ ಪತ್ನಿ ಪ್ರಿಸಿಲ್ಲಾ ಅವರೊಡಗೂಡಿ ಅದರ ಮಗ್ಗುಲಲ್ಲೇ ಡೆಲಿ ತೆರೆದರು. ಅಂಗಡಿಯಲ್ಲಿ ಜನ ಸೇರಿದರು. ಅಲ್ಲಿಯೇ ಕುಳಿತು ಉಣ್ಣುವಂತಿದ್ದರೆ ಹೇಗೆ ಎಂಬ ಯೋಚನೆಯೂ ಬೆಳೆಯಿತು. 1999ರಲ್ಲಿ, ಆಕ್ಸ್‌ಫರ್ಡ್ ಸ್ಟ್ರೀಟಿನ ಹಿಂಬದಿಯ ಮಾರ್ಕೆಟ್ ಪ್ಲೇಸಿನಲ್ಲಿ, ಮೊದಲನೆಯ ಕಾರ್ಲುಚ್ಚೋಸ್ ಕೆಫೆ ಆರಂಭವಾಯಿತು.

ಅಲ್ಲಿಯ ಊಟಕ್ಕೆ ಆಡಂಬರವಿರಲಿಲ್ಲ. ಒಳಹೊಕ್ಕವರ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಅಂಗಡಿಯ ಸಾಲುಗಳು: ಎಣ್ಣೆಯ ಸೀಸೆ, ಒಣ ಅಣಬೆಯ ಪೊಟ್ಟಣ, ಪಾಸ್ತಾದ ಕಟ್ಟು, ಹಬ್ಬದ ದಿನಗಳಲ್ಲಿ ಪನೆತ್ತೋನೆ ಎಂಬ ಸಿಹಿರೊಟ್ಟಿಯ ಡಬ್ಬಿ. ಅವನ್ನು ನೋಡುತ್ತಲೇ ಮೇಜಿಗೆ ಹೋಗಿ ಕುಳಿತರೆ ರೊಟ್ಟಿ, ಎಣ್ಣೆ ಬರುತ್ತಿದ್ದವು. ಬಳಿಕ ಪಾಸ್ತಾ. ಅದು ಶಾವಿಗೆಯಂತೆ ಮೆತ್ತಗಾಗದೆ ಹಲ್ಲಿಗೆ ಸ್ವಲ್ಪ ಸಿಗುವಂತಿರಬೇಕು. ಇಟಲಿಯವರು ಅದನ್ನು ‘ಅಲ್ ದೆಂತೆ’ ಎನ್ನುತ್ತಾರೆ. ಪೆನ್ನೆ ಜಾರ್ದಿನಿಯೆರಾ ಎಂಬ ತರಕಾರಿಯ ಪಾಸ್ತಾ ಅಲ್ಲಿ ಹೆಸರುವಾಸಿಯಾಗಿದ್ದಿತು. ಅದರ ಒಂದೊಂದು ತಟ್ಟೆಯಿಂದ 50 ಪೆನ್ಸ್ ಹಸಿವಿನ ನಿವಾರಣೆಗೆ ದುಡಿಯುವ ಸಂಸ್ಥೆಗೆ ಸಲ್ಲುತ್ತಿದ್ದಿತು. ಗೊಂದಲ ಆದಷ್ಟು ಕಡಮೆ, ರುಚಿ ಆದಷ್ಟು ಹೆಚ್ಚು: ಇದೇ ಕಾರ್ಲುಚ್ಚೋ ಅವರ ಅಡುಗೆಯ ಸೂತ್ರ. ಪದಾರ್ಥ ಮೂರೋ ನಾಲ್ಕೋ ಇದ್ದರೆ ಸಾಕು, ಆದರೆ ಅವು ಒಳ್ಳೆಯವಾಗಿರಬೇಕು.

ಮಾಡುವ ಕೆಲಸ ಸುಲಭವಾದಷ್ಟೂ ಪದಾರ್ಥದ ಹೊಣೆ ಹೆಚ್ಚುತ್ತದೆ. ಒಣ ಪಾಸ್ತಾ ಡ್ಯೂರಮ್ ಗೋಧಿಯ ರವೆಯದು. ಕರ್ನಾಟಕದ ಗೃಹಿಣಿಯರಿಗೆ ಪರಿಚಿತವಾದ ಬನ್ಸಿ ರವೆಯೂ ಅದೇ ಜಾತಿಯ ಗೋಧಿಯಿಂದಲೇ ಬರುವುದು. ಇಟಲಿಯಲ್ಲಿ ಒಣ ಪಾಸ್ತಾವನ್ನು ಈ ಗೋಧಿಯಿಂದಲೇ ಮಾಡಬೇಕೆಂದು 1967ರಲ್ಲಿ ಕಾನೂನನ್ನೇ ಮಾಡಿದರು. ಮೇಲೆ ತುರಿದು ಉದುರಿಸುವ ಪಾರ್ಮಿಜಾನೊ ರೆಜ್ಜಾನೊ ಚೀಸಿನ ಒಂದು ದೊಡ್ಡ ಚಕ್ರಕ್ಕೆ ಐನೂರು ಲೀಟರಿಗೂ ಮೀರಿ ಹಾಲು ಬೇಕು. ಕನಿಷ್ಠ 12 ತಿಂಗಳು ಮಾಗಬೇಕು. ಅದರ ಹಾಲನ್ನು ಹೆಪ್ಪುಗಟ್ಟಿಸುವುದು ಕರುವಿನ ಜಠರದಿಂದ ತೆಗೆದ ಸತ್ತ್ವದಿಂದ. ಆದುದರಿಂದ, ವಿದೇಶದಲ್ಲಿ ತರಕಾರಿಯ ಪಾಸ್ತಾವೆಂದು ನಂಬಿ ಕುಳಿತ ಕಟ್ಟಾ ಸಸ್ಯಾಹಾರಿಗಳು, ಮೇಲೆ ಬೀಳುವ ತುರಿ ಯಾವುದೆಂದು ಒಮ್ಮೆ ಕೇಳಿಕೊಳ್ಳುವುದು ಲೇಸು.

ಹೀಗೆ ಉಂಡು, ಬಿಲ್ಲು ತೆತ್ತು, ಹೊರಡುವಾಗ ಒಂದು ಪೊಟ್ಟಣ ಪಾಸ್ತಾವನ್ನೋ ಒಂದು ಸೀಸೆ ಎಣ್ಣೆಯನ್ನೋ ಕೈಯಲ್ಲಿ ಹಿಡಿದು ಜನ ಮನೆಗೆ ನಡೆದರು. ಕೆಫೆಗಳ ಸಂಖ್ಯೆ ಏರಿತು. 2005ರಲ್ಲಿ ಕಂಪನಿಯ ಷೇರುಗಳು ಲಂಡನ್ನಿನ ಪೇಟೆಗೆ ಬಂದವು. 2010ರಲ್ಲಿ ದುಬೈನ ಲ್ಯಾಂಡ್‌ಮಾರ್ಕ್ ಸಮೂಹ ಸುಮಾರು 9 ಕೋಟಿ ಪೌಂಡಿಗೆ ಅದನ್ನು ಕೊಂಡಿತು. ಕಾರ್ಲುಚ್ಚೋ ಅವರು 2017ರ ನವೆಂಬರಿನಲ್ಲಿ ತೀರಿಕೊಂಡರು. ಮರುವರ್ಷವೇ ಕಂಪನಿ ಸಾಲಗಾರರೊಡನೆ ಒಪ್ಪಂದ ಮಾಡಿಕೊಂಡು ಅನೇಕ ಶಾಖೆಗಳನ್ನು ಮುಚ್ಚಬೇಕಾಯಿತು. 2020ರ ಮಾರ್ಚಿನಲ್ಲಿ ಕೊರೋನಾ ಪಿಡುಗಿನ ಹೊಡೆತಕ್ಕೆ ಅದು ದಿವಾಳಿಯ ಅಂಚಿಗೆ ಬಂದಿತು. ಉಳಿದಿದ್ದ ಸುಮಾರು 70 ಶಾಖೆಗಳಲ್ಲಿ 30ನ್ನು ಮಾತ್ರ ಆ ವರ್ಷದ ಮೇ ತಿಂಗಳಲ್ಲಿ ಬೋಪಾರನ್ ಸಮೂಹ ಕೊಂಡುಕೊಂಡಿತು. ಸಾವಿರಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಂಡರು.

ಬಾಡಿಗೆ, ಸಂಬಳ, ತೆರಿಗೆ ಏರಿದ್ದವು. ಒಂದೇ ಬೀದಿಯಲ್ಲಿ ಇಟಲಿಯ ಹೆಸರಿನ ನಾಲ್ಕು ಊಟದ ಮನೆಗಳು ತಲೆಯೆತ್ತಿದ್ದವು. ಪೈಪೋಟಿಯಲ್ಲಿದ್ದ ಜೇಮೀಸ್ ಇಟಾಲಿಯನ್ ಸರಣಿಯೂ 2019ರಲ್ಲಿ ಕುಸಿಯಿತು. ಅದರ ಒಡೆಯ ಜೇಮೀ ಆಲಿವರ್ ತರುಣರಾಗಿದ್ದಾಗ ದುಡಿದದ್ದು ಕಾರ್ಲುಚ್ಚೋ ಅವರ ನೀಲ್ ಸ್ಟ್ರೀಟ್ ಅಡುಗೆಮನೆಯಲ್ಲಿಯೇ. ಆದರೆ ಲೆಕ್ಕಪತ್ರದಲ್ಲಿ ಬರೆಯಲಾಗದ ಇನ್ನೊಂದು ಕಾರಣವನ್ನೂ ಊಹಿಸಬಹುದು. ಪಾಸ್ತಾ ಬೇಯಿಸಲು ಕಲಿತ ಗೃಹಿಣಿ ಹೋಟೆಲಿನ ತಟ್ಟೆಯನ್ನು ಮೊದಲಿನ ಬೆರಗಿನಿಂದ ನೋಡಲಾರಳು. ಇದು ಅತಿಯಾಗಿ ಬೆಂದಿದೆ, ಇದರ ಎಣ್ಣೆ ಹಳತು ಎಂದು ಅವಳು ಹೇಳಬಲ್ಲಳು. ಗುಟ್ಟನ್ನು ಮಾರಿದ ಅಂಗಡಿ ತನ್ನ ಗಿರಾಕಿಗಳನ್ನೇ ಪರೀಕ್ಷಕರನ್ನಾಗಿ ಮಾಡಿದ್ದಿತು. ಒಬ್ಬ ಯಜಮಾನನ ಕಣ್ಣಳತೆಯಲ್ಲಿ ಒಂದೆರಡು ಅಂಗಡಿ ಆ ಪರೀಕ್ಷೆಯಲ್ಲಿ ಗೆಲ್ಲುವುದು ಸುಲಭ; ಎಪ್ಪತ್ತು ಗೆಲ್ಲುವುದು ಕಷ್ಟ.

ಹಾಗೆಂದು ಆ ವ್ಯಾಪಾರವನ್ನು ಪೂರ್ತಿ ನಷ್ಟವೆನ್ನುವಂತಿಲ್ಲ. ಹಿಂದೆ ಔಷಧದ ಅಂಗಡಿಯಲ್ಲಿದ್ದ ಎಣ್ಣೆ ಬ್ರಿಟನ್ನಿನ ಸಾಮಾನ್ಯ ಅಡುಗೆಮನೆಗಳ ಗೂಡಿಗೆ ಬಂದಿದೆ. ಪಾಸ್ತಾ ಮಕ್ಕಳು ಕೇಳಿ ಮಾಡಿಸಿಕೊಳ್ಳುವ ವಾರದ ದಿನಗಳ ಊಟವಾಗಿದೆ. ಯುದ್ಧಕಾಲದಲ್ಲಿ ಹುಟ್ಟಿದ ಲೀನಾ ಸ್ಟೋರ್ಸ್ ಕೂಡ 2018ರಲ್ಲಿ ಸೋಹೋದ ಗ್ರೀಕ್ ಸ್ಟ್ರೀಟಿನಲ್ಲಿ ಊಟದ ಮೇಜುಗಳನ್ನು ಹಾಕಿತು. ಒಂದು ಕಾಲದಲ್ಲಿ ಗಾಜು ಒಡೆಸಿಕೊಂಡ ಜನರ ಊಟವನ್ನು ಇಂದು ಗಾಜು ಒಡೆದವರ ಮೊಮ್ಮಕ್ಕಳು ತಮ್ಮದೇ ಎಂಬಂತೆ ಬೇಯಿಸಿ ಉಣ್ಣುತ್ತಿದ್ದಾರೆ.