ತಟಸ್ಥ ಅಂದ್ರೆ ಏನು ಸ್ವಾಮಿ?

2016ರ ಜೂನ್ 30ರಂದು ಜಿನೀವಾದಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ಒಂದು ನಿರ್ಣಯವನ್ನು ಮತಕ್ಕೆ ಹಾಕಿತು. ಸಲಿಂಗಪ್ರೇಮಿಗಳು, ಲಿಂಗ ಅಲ್ಪಸಂಖ್ಯಾತರು ಅನ್ನೋ ಒಂದೇ ಕಾರಣಕ್ಕೆ ಜನರ ಮೇಲೆ ನಡೆಯುವ ಹಿಂಸೆ, ತಾರತಮ್ಯಗಳನ್ನು ಗಮನಿಸಿ ವರದಿ ಕೊಡಲು ಒಬ್ಬ ಸ್ವತಂತ್ರ ತಜ್ಞರು ಬೇಕು, ಇಷ್ಟೇ ಅದರ ತಿರುಳು. ಮದುವೆ ಮಾಡಿಸಿ ಅಂತ ಯಾರೂ ಕೇಳಿರಲಿಲ್ಲ. 23 ದೇಶ ಹೌದು ಅಂದವು, 18 ಬೇಡ ಅಂದವು, 6 ತಟಸ್ಥ. ಆ ಆರರಲ್ಲಿ ನಮ್ಮದೂ ಒಂದು.

ಯಾಕೆ ಅಂತ ಕೇಳಿದ್ದಕ್ಕೆ ವಿಷಯ ಸುಪ್ರೀಂ ಕೋರ್ಟಿನ ಮುಂದಿದೆ ಎಂದಿತು ವಿದೇಶಾಂಗ ಇಲಾಖೆ. ಎಷ್ಟು ಮರ್ಯಾದಸ್ಥ ಉತ್ತರ! ಹಾಗಾದ್ರೆ 2015ರ ಮಾರ್ಚ್‌ನಲ್ಲಿ ಏನಾಗಿತ್ತು? ಸಲಿಂಗ ವಿವಾಹವಾದ ತನ್ನ ನೌಕರರ ಸಂಗಾತಿಗಳಿಗೂ ಸವಲತ್ತು ಕೊಡುತ್ತೇನೆ ಅಂತ ವಿಶ್ವಸಂಸ್ಥೆ ತೀರ್ಮಾನಿಸಿತ್ತು. ಅದನ್ನು ವಾಪಸ್ ತೆಗೆಸಲು ರಷ್ಯಾ ಒಂದು ನಿರ್ಣಯ ತಂದಿತು. 80 ದೇಶಗಳು ರಷ್ಯಾವನ್ನು ಸೋಲಿಸಿದವು. ಪರವಾಗಿ ಬಿದ್ದ 43 ಮತಗಳಲ್ಲಿ ಭಾರತದ್ದೂ ಇತ್ತು. ಪಾಕಿಸ್ತಾನದ್ದೂ ಇತ್ತು ಅನ್ನಿ, ಈ ಒಂದು ವಿಷಯಕ್ಕಾದ್ರೂ ಎರಡೂ ಮನೆಯವರು ಒಂದೇ ಪಂಕ್ತಿಯಲ್ಲಿ ಕೂತರಲ್ಲ. ಆ ಹೊತ್ತಿಗೂ 377ನೇ ಸೆಕ್ಷನ್ನಿನ ಕ್ಯುರೇಟಿವ್ ಅರ್ಜಿ ಸುಪ್ರೀಂ ಕೋರ್ಟಿನಲ್ಲೇ ಇತ್ತು. ವಿರೋಧದ ಗುಂಡಿ ಒತ್ತುವಾಗ ಅಡ್ಡ ಬಾರದ ಕೋರ್ಟು, ಬೆಂಬಲದ ಗುಂಡಿಯ ಹತ್ತಿರ ಬೆರಳು ಹೋದಾಗ ಮಾತ್ರ ಹೇಗೆ ನೆನಪಾಗುತ್ತೆ?

ಇನ್ನೊಂದು ವಾದ ನಿಮಗೂ ಗೊತ್ತು. ಇದೆಲ್ಲ ಪಶ್ಚಿಮದ ರೋಗ, ನಮ್ಮದಲ್ಲ. ಸರಿ, ಟಾಸ್ಮೇನಿಯಾಗೆ ಹೋಗಿ ಬರೋಣ. ಆಸ್ಟ್ರೇಲಿಯಾದ ದಕ್ಷಿಣಕ್ಕಿರುವ ಈ ದ್ವೀಪರಾಜ್ಯಕ್ಕೂ ನಮ್ಮ ಹಾಗೇ ಬ್ರಿಟಿಷರಿಂದ ಬಳುವಳಿಯಾಗಿ ಬಂದ ಕಾನೂನಿತ್ತು: ಇಬ್ಬರು ವಯಸ್ಕ ಗಂಡಸರು ಒಪ್ಪಿಕೊಂಡು, ಬಾಗಿಲು ಹಾಕಿಕೊಂಡು ಕೂಡಿದರೂ ಅಪರಾಧ. ನಿಕೊಲಸ್ ಟೂನನ್ ಎಂಬ ಹೋರಾಟಗಾರ ಜಿನೀವಾದ ಮಾನವ ಹಕ್ಕುಗಳ ಸಮಿತಿಗೆ ದೂರು ಕೊಟ್ಟ. (ಮೇಲೆ ಹೇಳಿದ ಮಂಡಳಿ ಬೇರೆ, ಇದು ಬೇರೆ. ಮಂಡಳಿಯಲ್ಲಿ ಸರ್ಕಾರಗಳು ಮತ ಹಾಕುತ್ತವೆ, ಈ ಸಮಿತಿಯಲ್ಲಿ ಕೂರುವವರು ತಜ್ಞರು.) ದೂರಿನ ತಾರೀಖು 1991ರ ಡಿಸೆಂಬರ್ 25. ಅಂಥ ದೂರುಗಳನ್ನು ಸ್ವೀಕರಿಸಲು ಅವಕಾಶ ಕೊಡುವ ಒಪ್ಪಂದ ಆಸ್ಟ್ರೇಲಿಯಾದ ಮಟ್ಟಿಗೆ ಜಾರಿಗೆ ಬಂದದ್ದೇ ಅವತ್ತು. ಬಾಗಿಲು ತೆಗೆಯೋದನ್ನೇ ಕಾಯ್ತಾ ಹೊಸ್ತಿಲಲ್ಲಿ ಕೂತಿದ್ದ ಮನುಷ್ಯ.

ಏಡ್ಸ್ ತಡೆಯೋಕೆ ಈ ಕಾನೂನು ಬೇಕು ಅಂತ ಟಾಸ್ಮೇನಿಯಾ ವಾದಿಸಿತು. ಸಮಿತಿ ಒಪ್ಪಲಿಲ್ಲ. ಅಪರಾಧಿ ಅಂತ ಕರೆದರೆ ಜನ ಬಚ್ಚಿಟ್ಟುಕೊಳ್ತಾರೆ, ಆಸ್ಪತ್ರೆಗೆ ಬರೋದಿಲ್ಲ. 1994ರ ಮಾರ್ಚ್ 31ರಂದು ಸಮಿತಿ ಹೇಳಿದ್ದು ಎರಡು ಮಾತು. ಒಂದು, ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 17ನೇ ವಿಧಿ ಕೊಟ್ಟಿರುವ ಖಾಸಗಿತನದ ಹಕ್ಕನ್ನು ಈ ಕಾನೂನು ಮುರಿದಿದೆ. ಎರಡು, ಲಿಂಗದ ಆಧಾರದ ಮೇಲೆ ತಾರತಮ್ಯ ಕೂಡದು ಅನ್ನುವಲ್ಲಿ ಲೈಂಗಿಕ ಒಲವೂ ಸೇರಿದೆ. ಟಾಸ್ಮೇನಿಯಾ ಮೂರು ವರ್ಷ ಮುಖ ಗಂಟು ಹಾಕಿಕೊಂಡಿದ್ದು ಕೊನೆಗೆ 1997ರಲ್ಲಿ ಕಾನೂನನ್ನು ತೆಗೆದುಹಾಕಿತು.

ಅದೇ ಒಡಂಬಡಿಕೆಗೆ ಭಾರತ 1979ರಲ್ಲೇ ಸೇರಿದೆ. ಯಾರೂ ಕುತ್ತಿಗೆ ಹಿಡಿದು ಸೇರಿಸಲಿಲ್ಲ. ಆದರೆ ಟೂನನ್ ಬಳಸಿದ ಬಾಗಿಲು, ಅಂದರೆ ವ್ಯಕ್ತಿಗಳ ದೂರಿಗೆ ಅವಕಾಶ ಕೊಡುವ ಆಪ್ಷನಲ್ ಪ್ರೋಟೊಕಾಲ್, ಅದಕ್ಕೆ ಮಾತ್ರ ನಾವು ಸೇರಿಲ್ಲ. ಹಕ್ಕು ಇದೆ ಅಂತ ಲೋಕಕ್ಕೆಲ್ಲ ಹೇಳಿ ಬಂದವರು, ಆ ಹಕ್ಕು ಮುರಿದರೆ ಅಲ್ಲಿಗೆ ಹೋಗಿ ಹೇಳಿಕೊಳ್ಳುವ ದಾರಿಗೆ ಬೀಗ ಹಾಕಿದ್ದಾರೆ. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು 377 ಇರಲಿ ಅಂದಿತಲ್ಲ, ಅವತ್ತು ನಾನು ಮಾಡಿದ ಮೊದಲ ಕೆಲಸ ಟೂನನ್ ತೀರ್ಪು ಓದಿದ್ದು. ಎರಡನೆಯದು, ಈ ಬೀಗ ಕಂಡು ಲ್ಯಾಪ್‌ಟಾಪ್ ಮುಚ್ಚಿದ್ದು.

ನನಗ್ಯಾಕೆ ಇಷ್ಟು ಉರಿ ಅಂತೀರಾ? ಒಂಬತ್ತು ವರ್ಷದಿಂದ ನಾವಿಬ್ಬರು ಬೆಂಗಳೂರಿನ ಒಂದು ಬಾಡಿಗೆ ಮನೆಯಲ್ಲಿದ್ದೇವೆ. ಓನರ್ ಆಂಟಿಯ ಲೆಕ್ಕದಲ್ಲಿ ಅವನು ನನ್ನ ಚಿಕ್ಕಪ್ಪನ ಮಗ. ಬಹಳ ಒಳ್ಳೇವರು, ಹಬ್ಬಕ್ಕೆ ಒಬ್ಬಟ್ಟು ಕಳಿಸ್ತಾರೆ. ಜೊತೆಗೆ, "ನಿಮ್ಮ ತಮ್ಮನಿಗಾದ್ರೂ ಒಂದು ಹೆಣ್ಣು ನೋಡ್ರಿ" ಅಂತಾರೆ. "ನೋಡೋಣ ಆಂಟಿ" ಅಂತೀನಿ. ಅವನಿಗೆ ಡೆಂಗಿ ಆಗಿ ಆಸ್ಪತ್ರೆಗೆ ಸೇರಿಸಿದಾಗ ಫಾರಂನಲ್ಲಿ ಸಂಬಂಧ ಅನ್ನೋ ಕಾಲಂಗೆ ಅಣ್ಣ ಅಂತಲೇ ಬರೆದೆ. ನಿಜ ಬರೆದಿದ್ದರೆ ಅದು ಹತ್ತು ವರ್ಷದವರೆಗೆ ಅಥವಾ ಜೀವಾವಧಿ ಶಿಕ್ಷೆ ಆಗ ಇದ್ದ ಅಪರಾಧದ ಗುಮಾನಿಗೆ ನಾನೇ ದಾಖಲೆ ಕೊಟ್ಟ ಹಾಗೆ ಆಗುತ್ತಿತ್ತು.

ಹೀಗೆ ಬಾಯಿ ಮುಚ್ಚಿಕೊಂಡಿರೋಕೆ ನನಗೆ ಕಾರಣ ಇದೆ ಸ್ವಾಮಿ, ಮನೆ ಖಾಲಿ ಮಾಡಿಸ್ತಾರೆ. ಜಿನೀವಾದಲ್ಲಿ ನಮ್ಮ ಪ್ರತಿನಿಧಿಗಳನ್ನು ಯಾರು ಖಾಲಿ ಮಾಡಿಸ್ತಿದ್ದರು? 2016ರ ಆ ಮತ ಮುಗೀತು, ಬಿಡಿ. ಪ್ರೋಟೊಕಾಲ್ ಇನ್ನೂ ಅಲ್ಲೇ ಇದೆ. ಅದಕ್ಕೆ ಸೇರೋಕೆ ಯಾವ ಕೋರ್ಟಿನ ತೀರ್ಪಿಗೂ ಕಾಯಬೇಕಿಲ್ಲ.